ಹಗೇವಿನವರೂ ಪಾತರೋಳ್ಳೂ

ದೇವಸಮುದ್ರದಿಂದ ಸಾವಿನ ಸುದ್ದಿ ಬಂದ ದಿನ ನಾನು ನನ್ನಿವಾಳದ ತವರುಮನೆಯಲ್ಲಿದ್ದೆ. ಮಾರನೆಯ ದಿನ ತಮ್ಮನ ಮೊಮ್ಮಗನಿಗೆ ಹೆಸರಿಡುವ ಕಾರ್ಯವಿತ್ತು. ಅದಕ್ಕೆಂದೇ ಚಳ್ಳಕೆರೆಯಿಂದ ಮುಂಚಿತವಾಗಿ ಬಂದು, ತಮ್ಮನ ಹೆಂಡತಿಯ ಜೊತೆ ಕೂತು ಹೋಳಿಗೆಗೆ ಬೇಳೆ ಆರಿಸುತ್ತಿದ್ದೆ. ಅಂಗಳದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ ತಮ್ಮ ಒಳಗೆ ಬಂದು ನಿಂತ.

"ದೇವಸಮುದ್ರದ ಪಾತರೋರಲ್ಲಿ ದೊಡ್ಡೋನು ಹೋದನಂತೆ," ಎಂದ. "ಇನ್ನು ಹೆಸರಿಡೋದು ಆದಂಗೇ ಐತೆ."

ಪಾತರೋರು ನಮಗೆ ದಾಯಾದಿಗಳು ಎಂದು ಕೇಳಿಕೊಂಡೇ ನಾವು ಬೆಳೆದವರು. ಅವರ ಮನೆಯಲ್ಲಿ ಸಾವಾದರೆ ನಮಗೂ ಸೂತಕ. ಮಡಿ ಕಾರ್ಯಗಳೆಲ್ಲ ಮುಂದಕ್ಕೆ ಹೋಗಬೇಕು. ಬೇರೆ ಮನೆಗೆ ಮದುವೆಯಾಗಿ ಹೋದ ನನಗೆ ಅದು ತಟ್ಟುವುದಿಲ್ಲ. ತಮ್ಮನಿಗೆ, ಅವನ ಮಕ್ಕಳಿಗೆ ತಟ್ಟುತ್ತದೆ. ಮತ್ತೆ ನಮ್ಮ ಅತ್ತೆಗೆ ತಟ್ಟುತ್ತದೆ. ಅತ್ತೆ ಎಂದರೆ ನಮ್ಮಪ್ಪನ ತಂಗಿ. ಮದುವೆಯಾಗದೆ, ತಾನು ಹುಟ್ಟಿದ ಮನೆಯಲ್ಲೇ ಉಳಿದವಳು. ಬಹಳ ವರ್ಷ ಊರಿನ ಬಾಲವಾಡಿಯಲ್ಲಿ ಮಕ್ಕಳನ್ನು ನೋಡಿಕೊಂಡಳು, ನಮ್ಮನ್ನೂ ಬೆಳೆಸಿದಳು. ಈಗ ಎಪ್ಪತ್ತು ದಾಟಿದ್ದಾಳೆ.

ತಮ್ಮನು ತನ್ನ ಹೆಂಡತಿಗೆ ಬೇಳೆ ಎತ್ತಿಡಲು ಹೇಳುತ್ತಿದ್ದಂತೆ, ಗೋಡೆಗೆ ಒರಗಿ ಕೂತಿದ್ದ ಅತ್ತೆ ಎದ್ದಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರು ಕಾಯಿಸುತ್ತೇನೆ ಎಂದು ನಾನು ಕೂಗಿದ್ದು ಅವಳಿಗೆ ಕೇಳಿಸಲಿಲ್ಲವೋ ಏನೋ, ತಣ್ಣೀರನ್ನೇ ಸುರಿದುಕೊಳ್ಳುವ ಸದ್ದು ಬಂತು. ಆ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ಹೊರಗೆ ಬಂದವಳು ಒದ್ದೆ ಕೂದಲನ್ನು ಹಾಗೇ ಬಿಟ್ಟುಕೊಂಡು ಹಿತ್ತಲ ಕಡೆ ಹೋಗಿ ಕೂತಳು.

"ಮುಖ ನೋಡಿದ ನೆನಪಿಲ್ಲ, ಮದುವೆ ಮುಂಜಿಗೆ ಬಂದೋರಲ್ಲ," ಎಂದು ತಮ್ಮ ಗೊಣಗಿದ. "ಎಲ್ಲೋ ಆಂಧ್ರದ ಗಡಿಯಾಗೆ ಯಾರೋ ಸತ್ರೆ ನಮ್ ಮಗುಗೆ ಹೆಸರಿಲ್ಲ. ಇವರು ನಮಗೆ ಏನಾಗ್ಬೇಕು, ಯಾರಿಗಾದ್ರೂ ಗೊತ್ತೈತಾ?"

ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದುದು ಮನೆಹೆಸರು ಮಾತ್ರ. ನಾವು ಹಗೇವಿನವರು. ಹಗೇವು ಎಂದರೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ಅಗಲ. ಜೋಳವನ್ನೋ ನವಣೆಯನ್ನೋ ಸುರಿದು, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತಂತೆ. ನಮ್ಮ ಹಿರಿಯರ ಮನೆ ಮುಂದೆ ಊರಿಗೇ ದೊಡ್ಡ ಹಗೇವು ಇತ್ತೆಂದು ಅಪ್ಪ ಹೇಳುತ್ತಿದ್ದ. ತೆಲುಗಿನಲ್ಲಿ ಹಗೇವಿಗೆ ಪಾತರ ಎನ್ನುತ್ತಾರೆ. ದೇವಸಮುದ್ರದವರು ತೆಲುಗು ಬೆರೆಸಿ ಮಾತಾಡುವ ಸೀಮೆಯವರು, ಪಾತರೋಳ್ಳು. ಅರ್ಥ ಒಂದೇ ಆದ್ದರಿಂದ ಹೆಸರೂ ಒಂದೇ, ಹೆಸರು ಒಂದೇ ಆದ್ದರಿಂದ ರಕ್ತವೂ ಒಂದೇ ಎಂದು ಹಿರಿಯರು ತೀರ್ಮಾನಿಸಿದ್ದರು.

ಈ ಮನೆಹೆಸರು ನಮ್ಮ ಯಾವ ಕಾಗದದಲ್ಲೂ ಇಲ್ಲ. ಹೆಸರಿನ ಮುಂದಿನ ಅಕ್ಷರಗಳಲ್ಲಿ ಒಂದು ಊರಿನದು, ಒಂದು ಅಪ್ಪನದು. ಮನೆಹೆಸರು ಹೊರಗೆ ಬರುವುದು ಹೆಣ್ಣು ಕೇಳಲು ಬಂದಾಗ, ಇಲ್ಲವೇ ಯಾರಾದರೂ ಸತ್ತಾಗ. ಒಂದೇ ಮನೆಹೆಸರಿನವರು ಅಣ್ಣತಂಗಿಯರಾಗುತ್ತಾರೆ, ಅವರೊಳಗೆ ಮದುವೆಯಿಲ್ಲ.

ಅಂದು ಮಧ್ಯಾಹ್ನ ಅತ್ತೆ ಊಟಕ್ಕೆ ಏಳಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ತೀರಿಹೋದೋರನ್ನ ನೀನು ನೋಡಿದ್ಯಾ ಅತ್ತೆ?"

"ನೋಡಿದೀನಿ. ಮೊಳಕಾಲ್ಮೂರಾಗೆ."

ಅಷ್ಟೇ ಹೇಳಿದಳು. ಅತ್ತೆಗೆ ಹರೆಯದಲ್ಲಿ ಒಂದು ಸಂಬಂಧ ಬಂದು ತಪ್ಪಿತ್ತೆಂದೂ, ಆಮೇಲೆ ಬಂದ ಯಾವ ಗಂಡನ್ನೂ ಅವಳು ಒಪ್ಪಲಿಲ್ಲವೆಂದೂ ನಮ್ಮವ್ವ ಒಮ್ಮೆ ಹೇಳಿದ್ದಳು. ಗಂಡು ಯಾರೆಂದು ಹೇಳಿರಲಿಲ್ಲ. ಅವತ್ತು ಒದ್ದೆ ಕೂದಲು ಬಿಟ್ಟುಕೊಂಡು ಕೂತ ಅತ್ತೆಯನ್ನು ನೋಡುತ್ತ ನನಗೆ ಅನುಮಾನ ಬಂತು. ಕೇಳದೆ ಎದ್ದುಹೋಗಿ ಒರೆಸಿಕೊಳ್ಳಲು ಬಟ್ಟೆ ತಂದುಕೊಟ್ಟೆ.

ನಾನು ಚಳ್ಳಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ವರ್ಣತಂತುಗಳ ಪಾಠವನ್ನು ಎಷ್ಟು ತರಗತಿಗಳಿಗೆ ಮಾಡಿದ್ದೆನೋ ಲೆಕ್ಕವಿಲ್ಲ. ಗಂಡಸರಲ್ಲಿ ಮಾತ್ರ ಇರುವ ವೈ ಎಂಬ ವರ್ಣತಂತು ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚು ಬದಲಾಗದೆ ಇಳಿದುಬರುತ್ತದೆ. ನಮ್ಮಲ್ಲಿ ಮನೆಹೆಸರು ಇಳಿಯುವುದೂ ಹಾಗೆಯೇ. ಎರಡು ಮನೆಯ ಗಂಡಸರ ಡಿಎನ್ಎ ಪರೀಕ್ಷೆ ಮಾಡಿಸಿದರೆ ಅವರ ಮೂಲಪುರುಷ ಒಬ್ಬನೇ ಹೌದೋ ಅಲ್ಲವೋ ತಿಳಿಯುತ್ತದೆ. ಈಗ ಅದಕ್ಕೆ ಆಸ್ಪತ್ರೆಗೆ ಅಲೆಯಬೇಕಿಲ್ಲ. ಟಪಾಲಿನಲ್ಲಿ ಕೊಳವೆ ತರಿಸಿಕೊಂಡು ಎಂಜಲು ತುಂಬಿ ಕಳಿಸಿದರೆ ಸಾಕು. ಆದರೆ ಹಗೇವಿನವರ ಮಗಳಾದ ನನ್ನ ಮೈಯಲ್ಲಿ ಆ ಎಳೆ ಇಲ್ಲ. ತಮ್ಮನನ್ನು ಕೇಳಬೇಕಾಯಿತು.

"ನನ್ನ ಎಂಜಲು ಯಾಕಕ್ಕ ನಿನಗೆ?" ಎಂದು ಅವನು ಮೊದಲು ನಕ್ಕ.

"ಪಾತರೋರು ನಮಗೆ ಏನಾಗ್ಬೇಕು ಅಂತ ನೀನೇ ಕೇಳಿದ್ಯಲ್ಲ."

"ಬಾಯಿಮಾತಿಗೆ ಕೇಳಿದ್ದು. ನಾಳೆ ಏನೋ ಒಂದು ಬಂದ್ರೆ ಊರಾಗೆ ತಲೆ ಎತ್ಕೊಂಡು ತಿರುಗೋದು ಬ್ಯಾಡ್ವಾ?"

ಬಂದದ್ದು ಮನೆಯೊಳಗೇ ಇರುತ್ತದೆ ಎಂದು ಮಾತು ಕೊಟ್ಟ ಮೇಲೆ ಒಪ್ಪಿದ. ತಿಂಡಿಗೆ ಮುಂಚೆ ಜಗಲಿಯ ಮೇಲೆ ಕೂತು, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು ಕೊಳವೆಗೆ ಉಗುಳಿದ.

ಸೂತಕ ಕಳೆದ ಮೇಲೆ ಇನ್ನೊಂದು ಕೊಳವೆಯನ್ನು ಚೀಲದಲ್ಲಿಟ್ಟುಕೊಂಡು ದೇವಸಮುದ್ರಕ್ಕೆ ಹೊರಟೆ. ಮೊಳಕಾಲ್ಮೂರಿನಲ್ಲಿ ಇಳಿದು ಬಸ್ಸು ಬದಲಿಸಬೇಕು. ಬಸ್ಸು ಬರುವುದು ತಡವಿತ್ತು. ಅಲ್ಲಿಯವರೆಗೆ ನಿಲ್ದಾಣದ ಹಿಂದಿನ ಓಣಿಗಳಲ್ಲಿ ಸುಮ್ಮನೆ ನಡೆದೆ. ಬಾಗಿಲು ತೆರೆದ ಒಂದು ಮನೆಯಲ್ಲಿ ನೆಲದ ಗುಣಿಗೆ ಕಾಲು ಇಳಿಬಿಟ್ಟು ನೇಯುವ ಗುಣಿಮಗ್ಗದ ಮೇಲೆ ಅರ್ಧ ನೇಯ್ದ ಹಸಿರು ಸೀರೆ ಹರಡಿತ್ತು. ನೇಯುವವನು ಊಟಕ್ಕೆದ್ದಿರಬೇಕು, ಸದ್ದಿರಲಿಲ್ಲ.

ತೀರಿಹೋದವರ ತಮ್ಮ ಮನೆಯ ಮುಂದಿನ ಬೇವಿನ ಕೆಳಗೆ ಕುರಿಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ಅರವತ್ತು ದಾಟಿದ, ಸಣ್ಣ ಮೈಯ ಮನುಷ್ಯ. ನಾನು ನನ್ನಿವಾಳದ ಹಗೇವಿನವರ ಮಗಳು ಎಂದ ಕೂಡಲೆ ಕೈ ಒರೆಸಿಕೊಂಡು ಎದ್ದರು.

"ರಾ ಅಮ್ಮಾ, ಕೂರ್ಚೋ," ಎಂದು ತೆಲುಗಿನಲ್ಲಿ ಕರೆದು, ಕನ್ನಡಕ್ಕೆ ತಿರುಗಿದರು. "ನಿಮ್ಮತ್ತೆ ಹೆಂಗೈದಾರೆ?"

ನಮ್ಮಪ್ಪ ಇಲ್ಲವೆಂದು ಅವರಿಗೆ ಗೊತ್ತು, ತಮ್ಮನಿಗೆ ಫೋನ್ ಮಾಡಿದವರೂ ಅವರೇ. ಆದರೂ ಮೊದಲು ಕೇಳಿದ್ದು ಅತ್ತೆಯನ್ನು. ಚೆನ್ನಾಗಿದ್ದಾಳೆ, ಸುದ್ದಿ ಬಂದ ದಿನ ಊಟ ಮಾಡಲಿಲ್ಲ ಎಂದೆ. ಅವರು ತಲೆಯಾಡಿಸಿದರು. ಒಳಗಿನಿಂದ ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟು ಬಾಗಿಲ ಬಳಿ ನಿಂತರು. ಅಣ್ಣನ ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು, ಹೆಣ್ಣುಮಕ್ಕಳು ಗಂಡಂದಿರ ಊರಲ್ಲಿದ್ದರು. ಕೊನೆಗಾಲದಲ್ಲಿ ಅಣ್ಣನನ್ನು ನೋಡಿಕೊಂಡವರು ಇವರಿಬ್ಬರೇ.

ನಾನು ಬಂದ ಕೆಲಸ ಹೇಳಿದೆ. ದಾಯಾದಿ ಲೆಕ್ಕದಲ್ಲಿ ಅವರು ನನಗೆ ಚಿಕ್ಕಪ್ಪ, ಹಾಗೇ ಕರೆದೆ. ಅವರು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದರಾಗೆ ಏನು ತಿಳೀತೈತೆ?"

"ನಿಮ್ದೂ ನಮ್ದೂ ಮೂಲ ಒಂದೇನಾ ಅಲ್ವಾ ಅಂತ ತಿಳೀತೈತೆ ಚಿಕ್ಕಪ್ಪ. ಬ್ಯಾಡ ಅನ್ಸಿದ್ರೆ ಬಿಡಿ, ಬಲವಂತ ಇಲ್ಲ."

ಬಾಗಿಲ ಬಳಿ ನಿಂತಿದ್ದ ಅವರ ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ಅವರು ಕೈಯೆತ್ತಿ ತಡೆದರು.

"ತಿಳೀಲಿ," ಎಂದರು.

ಪರೀಕ್ಷೆಯ ಫಲಿತಾಂಶಕ್ಕೆ ಕಾಯುವಾಗ ನಾನು ಕಾಗದಪತ್ರಗಳನ್ನೂ ಹುಡುಕಿದೆ. ಚಿಕ್ಕಂದಿನಲ್ಲಿ ನಮ್ಮ ಮನೆಗೆ ಹೆಳವರು ಬರುತ್ತಿದ್ದ ನೆನಪಿತ್ತು. ಎತ್ತಿನ ಮೇಲೆ ಬಂದು ಅಂಗಳದಲ್ಲಿ ನಿಂತು ನಮ್ಮ ವಂಶದ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಕಾಳು ಪಡೆದು ಹೋಗುತ್ತಿದ್ದರು. ಅವರು ಬರುವುದು ನಿಂತು ಎಷ್ಟೋ ಕಾಲವಾಯಿತು. ಯಾವ ಊರಿನವರೆಂದು ಹೇಳಬಲ್ಲವರೂ ಉಳಿದಿಲ್ಲ. ಚಳ್ಳಕೆರೆಯ ಕಚೇರಿಯಲ್ಲಿ ಅರ್ಜಿ ಹಾಕಿ ನಮ್ಮ ಜಮೀನಿನ ಹಳೆಯ ಪಹಣಿಗಳ ನಕಲು ತೆಗೆಸಿದೆ. ಅಪ್ಪ, ಅವರಪ್ಪ, ಅವರಪ್ಪ. ಪ್ರತಿ ಹೆಸರಿನ ಮುಂದೆ ಇಂಥವರ ಮಗ ಎನ್ನುವುದಕ್ಕೆ ಬಿನ್ ಎಂದು ಬರೆದಿತ್ತು. ಅದರ ಹಿಂದಕ್ಕೆ ಏನೂ ಸಿಗಲಿಲ್ಲ. ಮೊಳಕಾಲ್ಮೂರಿನಲ್ಲಿ ದೇವಸಮುದ್ರದವರ ಜಮೀನಿನದೂ ಸಿಕ್ಕಿತು. ಅಲ್ಲಿಯೂ ಬಿನ್, ಬಿನ್ ಎಂದು ಹೋಗಿ, ಒಂದು ಕಡೆ ಮಾತ್ರ ಜಮೀನು ಒಬ್ಬ ಹೆಂಗಸಿನ ಹೆಸರಲ್ಲಿತ್ತು. ಅವಳಿಂದ ನೇರ ಅವಳ ಮಗನಿಗೆ ಬಂದಿತ್ತು. ಗಂಡ ಬೇಗ ಸತ್ತಿರಬೇಕು ಎಂದುಕೊಂಡು ಕಾಗದವನ್ನು ಮಡಿಚಿಟ್ಟೆ.

ಫಲಿತಾಂಶ ಫೋನಿಗೆ ಬಂತು. ಓದಿ ಅರ್ಥವಾದರೂ ನಂಬಿಕೆ ಬರಲಿಲ್ಲ. ಪರೀಕ್ಷೆ ಮಾಡಿದ ಕಂಪನಿಗೆ ಫೋನ್ ಮಾಡಿದಾಗ ಒಬ್ಬ ಹುಡುಗಿ ತಾಳ್ಮೆಯಿಂದ ವಿವರಿಸಿದಳು.

"ಮೇಡಂ, ಇಬ್ಬರದೂ ತಂದೆ ಕಡೆಯ ಎಳೆ ಬೇರೆ ಬೇರೆ. ಲ್ಯಾಬಿನ ತಪ್ಪಲ್ಲ, ಎರಡು ಸಲ ನೋಡಿದ್ದಾರೆ. ಸಾವಿರಾರು ವರ್ಷ ಹಿಂದಕ್ಕೆ ಹೋದರೂ, ನಿಮ್ಮ ಊರು ಮನೆಗಳು ಹುಟ್ಟುವುದಕ್ಕೆ ಮುಂಚಿನ ಕಾಲಕ್ಕೆ ಹೋದರೂ, ಅವು ಸೇರುವುದಿಲ್ಲ."

"ಸಂಬಂಧವೇ ಇಲ್ಲವಾ ಹಾಗಾದರೆ?"

"ಒಟ್ಟು ಡಿಎನ್ಎಯಲ್ಲಿ ದೂರದ ನಂಟು ಕಾಣುತ್ತದೆ. ಆದರೆ ಒಂದೇ ಜನದೊಳಗೆ ಕೊಟ್ಟು ತಂದು ಮಾಡುವವರಲ್ಲಿ ಅಷ್ಟು ಯಾರಿಗೆ ಬೇಕಾದರೂ ಇರುತ್ತದೆ. ಅದನ್ನು ಹಿಡಿದು ಏನೂ ಹೇಳೋದಕ್ಕಾಗುವುದಿಲ್ಲ."

ತಮ್ಮನಿಗೆ ಹೇಳಿದಾಗ ಅವನ ಮುಖ ಬಿಗಿದುಕೊಂಡಿತು. ಅವನೂ ಯೋಚಿಸಿದ್ದು ನಾನು ಯೋಚಿಸಿದ್ದನ್ನೇ.

"ಹಂಗಾದ್ರೆ ಒಂದು ಮನೇಲಿ ಏನೋ ಆಗೈತೆ," ಎಂದ. "ಯಾವ ಮನೇಲಿ? ಅವರದ್ರಾಗೋ ನಮ್ದ್ರಾಗೋ?"

"ಈ ಪರೀಕ್ಷೆಯಾಗೆ ಅದು ತಿಳಿಯಲ್ಲ."

"ಮೊದ್ಲೇ ಹೇಳಿದ್ದೆ ನಾನು. ನಮ್ಮಜ್ಜಿಗೆ, ಮುತ್ತಜ್ಜಿಗೆ ಮಾತು ಬರಂಗೆ ಮಾಡಿದೆ ನೀನು." ಹೊರಗೆ ಹೊರಟವನು ತಿರುಗಿ, "ಅತ್ತೆ ಮುಂದೆ ಬಾಯಿ ಬಿಡಬ್ಯಾಡ," ಎಂದ.

ಆ ವಾರವೆಲ್ಲ ನನಗೆ ನೆಮ್ಮದಿ ಇರಲಿಲ್ಲ. ಯಾವ ಕಾಲದಲ್ಲೋ ಮಣ್ಣಾದ ಯಾವಳೋ ಒಬ್ಬ ಹೆಣ್ಣುಮಗಳನ್ನು ಕಟಕಟೆಗೆ ತಂದು ನಿಲ್ಲಿಸಿದೆನೇನೋ ಎನ್ನಿಸುತ್ತಿತ್ತು. ಫಲಿತಾಂಶವನ್ನು ಎಂಜಲು ಕೊಟ್ಟವರಿಗೆ ಹೇಳದೆ ಇರುವುದೂ ಸರಿಯಲ್ಲ. ಮತ್ತೆ ದೇವಸಮುದ್ರಕ್ಕೆ ಹೋದೆ.

ನಾನು ಹೇಳುವುದನ್ನೆಲ್ಲ ಅವರು ತಲೆ ತಗ್ಗಿಸಿ ಕೇಳಿದರು. ಆಶ್ಚರ್ಯಪಡಲಿಲ್ಲ.

"ನಂಗೆ ಗೊತ್ತಿತ್ತಮ್ಮ," ಎಂದರು. "ನಮ್ಮಪ್ಪ ಸಾಯೋ ಮುಂದೆ ನಮ್ಮಿಬ್ಬರನ್ನೂ ಕೂರಿಸ್ಕೊಂಡು ಹೇಳಿದ್ದ. ನಮ್ಮ ತಾತನ ತಂದೆ ಈ ಮನೆಯೋನಲ್ಲ, ಮನೆಅಳಿಯ."

ಆಮೇಲೆ ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಹಗೇವಿನವರ ಪೈಕಿ ಒಬ್ಬ ಹಿಂದೆ ನನ್ನಿವಾಳ ಬಿಟ್ಟು ಬಂದು ದೇವಸಮುದ್ರದಲ್ಲಿ ಹೊಲ ಮಾಡಿದನಂತೆ. ಸುತ್ತಲಿನವರ ಬಾಯಲ್ಲಿ ಹಗೇವು ಪಾತರವಾಯಿತು. ಅವನಿಗೆ ಗಂಡುಮಕ್ಕಳಿರಲಿಲ್ಲ, ಒಬ್ಬಳೇ ಮಗಳು. ಅವಳಿಗೆ ಗಡಿಯಾಚೆಯಿಂದ ಒಬ್ಬ ಬಡ ಹುಡುಗನನ್ನು ತಂದು ಮದುವೆ ಮಾಡಿ ಮನೆಯಲ್ಲೇ ಇಟ್ಟುಕೊಂಡ. ಜಮೀನನ್ನು ಅಳಿಯನಿಗೆ ಬರೆಯದೆ ಮಗಳ ಹೆಸರಿಗೆ ಮಾಡಿದ. ಮಕ್ಕಳು ತಾಯಿಯ ಮನೆಹೆಸರನ್ನೇ ಹೊತ್ತರು.

ಪಹಣಿಯಲ್ಲಿ ನಾನು ಕಂಡ ಹೆಂಗಸು ಅವಳೇ. ಗಂಡ ಸತ್ತಿರಲಿಲ್ಲ. ಅವನ ಹೆಸರು ಎಲ್ಲೂ ಬೇಕಾಗಿರಲಿಲ್ಲ, ಅಷ್ಟೆ.

"ಅಂದ್ರೆ ನಾವು ದಾಯಾದಿಗಳಲ್ಲ," ಎಂದೆ.

"ಅಲ್ಲ. ನಾವು ನಿಮ್ಮ ಮನೆ ಹೆಣ್ಣುಮಗಳ ಸಂತಾನ. ಕೊಟ್ಟು ತರೋ ಸಂಬಂಧ."

ಆ ಮಾತು ನನ್ನೊಳಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಣ್ಣತಮ್ಮಂದಿರ ಮಕ್ಕಳು ನಮ್ಮಲ್ಲಿ ಅಣ್ಣತಂಗಿಯರು. ಅಕ್ಕತಂಗಿಯ ಮಕ್ಕಳೂ ಅಣ್ಣನ ಮಕ್ಕಳೂ ಹಾಗಲ್ಲ. ಮದುವೆಗೆ ಮೊದಲು ಹುಡುಕುವುದೇ ಅವರೊಳಗೆ. ಹೆಣ್ಣುಮಗಳ ಸಂತಾನವೆಂದ ಮೇಲೆ ಅತ್ತೆಗೂ ಅವರ ಅಣ್ಣನಿಗೂ ಅಡ್ಡಿ ಇರಲಿಲ್ಲ ಎನ್ನುವುದಷ್ಟೇ ಅಲ್ಲ, ಹಿರಿಯರೇ ಕರೆದು ಮಾಡಬೇಕಾದ ಮದುವೆ ಅದು.

"ನಮ್ಮತ್ತೆಗೆ ಬಂದಿದ್ದ ಸಂಬಂಧ ನಿಮ್ಮಣ್ಣಂದಾ?" ಎಂದು ಕೇಳಿದೆ.

"ಹೂಂ. ನಿಮ್ಮ ದೊಡ್ಡತ್ತೆ ಮೊಳಕಾಲ್ಮೂರಾಗೆ ಇದ್ರಲ್ಲ, ಅವರ ಮನೆ ಮಗ್ಗಕ್ಕೆ ನಮ್ಮಣ್ಣ ಕೂಲಿಗೆ ಹೋಗ್ತಿದ್ದ. ನಿಮ್ಮತ್ತೆ ಅಕ್ಕನ ಮನೇಲಿ ಇದ್ಕೊಂಡು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತೋರು. ಇಬ್ಬರಿಗೂ ಮನಸಾತು. ಅಣ್ಣ ಬಂದು ಅಪ್ಪನ್ನ ಕೇಳ್ದ, ಅಪ್ಪ ಒಪ್ಪಿ ನಿಮ್ಮೂರಿಗೆ ಹೆಣ್ಣು ಕೇಳಕ್ಕೆ ಹೋದ. ನಾನೂ ಹೋಗಿದ್ದೆ."

"ಏನಾತು ಅಲ್ಲಿ?"

"ನಿಮ್ಮಜ್ಜ ಮನೆಹೆಸರು ಕೇಳಿದ್ರು. ಪಾತರೋಳ್ಳು ಅಂದ ಅಪ್ಪ. ನಿಮ್ಮಜ್ಜ ಎದ್ದು ಬಂದು ಅಪ್ಪನ್ನ ತಬ್ಬಿಕೊಂಡ್ರು. ಹಂಗಾದ್ರೆ ನೀವು ಹಗೇವಿನೋರೇ, ದೇವಸಮುದ್ರಕ್ಕೆ ಹೋದ ನಮ್ಮೋರೇ, ಮಕ್ಕಳು ಅಣ್ಣತಂಗಿ ಆಗ್ತಾರೆ, ಈ ಮಾತು ಇಲ್ಲಿಗೇ ಬಿಡಾನ ಅಂದ್ರು. ಪಕ್ಕದಾಗೆ ಕೂರಿಸ್ಕೊಂಡು ಊಟಕ್ಕಿಟ್ರು. ಊರ ಹಿರೇರೆಲ್ಲ ಅಲ್ಲೇ ಇದ್ರು."

"ನಿಮ್ಮಪ್ಪ ಆಗ ಹೇಳಬಹುದಿತ್ತಲ್ಲ."

"ಹೇಳಬಹುದಿತ್ತು. ಮನೆಅಳಿಯನ ಕಡೆಯೋರು ಅನ್ನಿಸ್ಕೊಳ್ಳೋದು ಅಪ್ಪಂಗೆ ಸಣ್ಣತನ ಅನ್ಸಿರಬೇಕು. ಅವನನ್ನ ಯಾರೂ ಅಷ್ಟು ಮರ್ಯಾದೆ ಮಾಡಿ ತಬ್ಬಿಕೊಂಡಿರಲಿಲ್ಲ. ಬಾಯಿ ಕಟ್ಟಿಹೋತು. ಉಂಡು ಎದ್ದು ಬಂದ್ವಿ."

"ನಿಮ್ಮಣ್ಣ?"

"ಅಣ್ಣಂಗೆ ಗೊತ್ತಾಗೋ ಹೊತ್ತಿಗೆ ಮದುವೆಯಾಗಿ ಮಕ್ಕಳಾಗಿದ್ವು. ಅಪ್ಪ ಹೇಳಿ ಮುಗಿಸಿದ ಮೇಲೆ ಅಣ್ಣ ಎದ್ದು ಹೋಗಿ ಕುರಿ ಬಿಟ್ಕೊಂಡು ಅಡವಿಗೆ ಹೋದ. ಮಗ್ಗ ಬಿಟ್ಟು ಬಂದ ಮೇಲೆ ಅದೇ ಅವನ ಕೆಲಸ ಆಗಿತ್ತು. ಅಪ್ಪನ ಮ್ಯಾಗೆ ಸಿಟ್ಟೂ ಮಾಡಲಿಲ್ಲ. ಕೊನೇವರೆಗೂ ಚೆನ್ನಾಗೇ ನೋಡ್ಕೊಂಡ."

ಬಾಗಿಲ ಬಳಿಯಿಂದ ಅವರ ಹೆಂಡತಿ ಮೆಲ್ಲಗೆ ಹೇಳಿದರು. "ಈ ಪರೀಕ್ಷೆ ನಮ್ಮ ಬಾವಗಾರು ಇದ್ದಾಗ ಬಂದಿದ್ರೆ ಬ್ಯಾಡ ಅಂತಿದ್ರು. ಯಾರಿಗೂ ಹೇಳಬ್ಯಾಡಿ ಅಂತ ನಮ್ಮ ಹತ್ರ ಮಾತು ತಗೊಂಡಿದ್ರು."

ಇದನ್ನೆಲ್ಲ ಕೇಳಿ ನನ್ನ ತಮ್ಮ ನಿರಾಳನಾದ. ಎಳೆ ಬದಲಾದದ್ದು ಅವರ ಕಡೆ, ಅದೂ ಮರ್ಯಾದೆಯ ಮದುವೆಯಿಂದ. "ಮುಗೀತಲ್ಲ, ಇನ್ನು ಬಿಡು," ಎಂದ. ಅತ್ತೆಗೆ ಹೇಳುವುದು ಬೇಡವೆಂದು ಮತ್ತೆ ಹೇಳಿದ. ಈ ವಯಸ್ಸಿನಲ್ಲಿ ಅವಳಿಗೆ ಇದರಿಂದ ಆಗಬೇಕಾದ್ದೇನು ಎಂದು ಕೇಳಿದ. ಆದರೆ ಅದು ಅವಳ ಬದುಕಿನ ವಿಷಯ. ಅವಳೊಬ್ಬಳನ್ನು ಬಿಟ್ಟು ನಮಗೆಲ್ಲ ಗೊತ್ತಿರುವುದು ನನಗೆ ಸಹಿಸಲಾಗಲಿಲ್ಲ.

ಅತ್ತೆ ಪಡಸಾಲೆಯಲ್ಲಿ ಕೂತು ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು. ನಾನೂ ಎದುರಿಗೆ ಕೂತು ಸುಲಿಯತೊಡಗಿದೆ. ಹೇಗೆ ಶುರುಮಾಡಿದೆನೋ ನೆನಪಿಲ್ಲ. ಎಂಜಲಿನ ಪರೀಕ್ಷೆಯಿಂದ ಹಿಡಿದು ಮನೆಅಳಿಯನವರೆಗೆ ಎಲ್ಲ ಹೇಳಿದೆ. ಅವಳ ಕೈ ಎಲ್ಲೂ ನಿಲ್ಲಲಿಲ್ಲ. ಸುಲಿದ ಬೀಜದಲ್ಲಿ ಜೊಳ್ಳನ್ನು ಬೇರೆ ಮಾಡುತ್ತಲೇ ಇದ್ದಳು.

"ನೀನು ದೇವಸಮುದ್ರಕ್ಕೆ ಹೋಗಿದ್ದು ಗೊತ್ತಿತ್ತು," ಎಂದಳು ಕೊನೆಗೆ. "ಯಾಕೆ ಅಂತ ಗೊತ್ತಿರಲಿಲ್ಲ."

"ಹೇಳಿದ್ದು ತಪ್ಪಾತಾ ಅತ್ತೆ?"

"ಇಲ್ಲ." ಮತ್ತೆ ಸ್ವಲ್ಪ ಹೊತ್ತು ಸುಲಿದಳು. "ಮಾತು ಮುರಿದ ಮೇಲೆ ಒಂದು ಸಲ ಮೊಳಕಾಲ್ಮೂರಾಗೆ ಎದುರಿಗೆ ಬಂದ. ನಮ್ಮಕ್ಕ ಜೊತೆಗಿದ್ಲು, ಇನ್ನೂ ಯಾರೋ ಇದ್ರು. ನನ್ನ ನೋಡಿ, ಚೆನ್ನಾಗಿದೀಯಾ ತಂಗಿ ಅಂದ. ಅಷ್ಟು ಜನದ ಮುಂದೆ ಇನ್ನೇನಂತಾನೆ. ನಾನು ಅಣ್ಣ ಅನ್ನಬೇಕಿತ್ತು. ಅನ್ನಲಿಲ್ಲ. ತಲೆ ಆಡಿಸಿ ಬಂದೆ."

ಅದಾದ ಮೇಲೆ ಅವರಿಬ್ಬರೂ ಮತ್ತೆ ನೋಡಿಕೊಂಡಿರಲಿಲ್ಲ.

"ಅವನಿಗೆ ಗೊತ್ತಿತ್ತಾ?" ಎಂದು ಕೇಳಿದಳು.

ಇದನ್ನು ಕೇಳುತ್ತಾಳೆಂದು ನಾನು ಹೆದರಿದ್ದೆ. ಇಲ್ಲ ಎಂದುಬಿಡಬಹುದಿತ್ತು. "ಆಮೇಲೆ ಗೊತ್ತಾತಂತೆ," ಎಂದೆ. "ಮಕ್ಕಳಾದ ಮೇಲೆ. ಯಾರಿಗೂ ಹೇಳಬ್ಯಾಡಿ ಅಂದಿದ್ರಂತೆ."

ಅತ್ತೆಯ ಕೈ ಆಗ ನಿಂತಿತು. ಅಳುತ್ತಾಳೆಂದುಕೊಂಡೆ. ಅಳಲಿಲ್ಲ.

"ನಾನು ಇಷ್ಟು ವರ್ಷ ಹಣೇಲಿ ಇರಲಿಲ್ಲ ಅಂದ್ಕೊಂಡು ಕಳೆದೆ," ಎಂದಳು. "ಅದು ಸುಲಭ. ಅವನು ಗೊತ್ತಿದ್ದೂ ಕಳೀಬೇಕಾತಲ್ಲ."

ಸೂತಕದ ದಿನ ಅವಳು ತಣ್ಣೀರು ಸುರಿದುಕೊಂಡದ್ದು ನನಗೆ ನೆನಪಾಯಿತು. ದಾಯಾದಿಗಳಲ್ಲವೆಂದ ಮೇಲೆ ಆ ಸೂತಕವೂ ನಮ್ಮದಲ್ಲ, ಅದನ್ನೂ ಸುಮ್ಮನೆ ಹಿಡಿದೆವು ಎಂದೆ.

"ಅದೊಂದು ಸುಮ್ಮನೆ ಅನ್ನಬ್ಯಾಡ," ಎಂದಳು ಅತ್ತೆ. ಧ್ವನಿ ಗಟ್ಟಿಯಾಗಿತ್ತು. "ಹೆಸರು ಒಂದೇ ಅಂತ ಇತ್ತಲ್ಲ, ಅದಕ್ಕೆ ಅವನು ಹೋದಾಗ ತಲೆ ಮ್ಯಾಗೆ ನೀರು ಹಾಕ್ಕೊಂಡೆ, ಉಪವಾಸ ಕೂತೆ. ಯಾರೂ ಯಾಕೆ ಅಂತ ಕೇಳಲಿಲ್ಲ. ಆ ಹೆಸರು ಇಲ್ದಿದ್ರೆ ನಾನು ಯಾರು ಅಂತ ಅಳ್ತಿದ್ದೆ?"

ಬೀಜದ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಆ ಮಾತನ್ನು ನಾನು ಇಂದಿಗೂ ಪೂರ್ತಿ ದಾಟಿಲ್ಲ.

ಒಂದು ವಾರದ ಮೇಲೆ ಅತ್ತೆ ತಾನಾಗಿಯೇ ತಮ್ಮನ ಕೈಲಿ ನನಗೆ ಫೋನ್ ಮಾಡಿಸಿದಳು. "ದೇವಸಮುದ್ರಕ್ಕೆ ಹೋಗಿ ಬರಾನ. ಮಾತಾಡಿಸಿ ಬರೋದು ಬಾಕಿ ಐತೆ," ಎಂದಳು. ತಮ್ಮ ಬೇಡವೆನ್ನಲಿಲ್ಲ. ಚಳ್ಳಕೆರೆಯವರೆಗೆ ತಾನೇ ಕರೆತಂದು ಬಸ್ಸಿಗೆ ಹತ್ತಿಸಿದ. ಹೊಲದ ತೊಗರಿಬೇಳೆ ಒಂದು ಚೀಲದಲ್ಲಿ ಕಟ್ಟಿ, "ಅವರಿಗೆ ಕೊಡಿ," ಎಂದು ಅತ್ತೆಯ ಕಾಲ ಬಳಿ ಇಟ್ಟ.

ಮೊಳಕಾಲ್ಮೂರಿನಲ್ಲಿ ಇಳಿದಾಗ ಅತ್ತೆಯ ಅಕ್ಕನ ಮನೆ ಇದ್ದ ಓಣಿ ನೋಡೋಣವಾ ಎಂದು ಕೇಳಿದೆ. ಬೇಡ ಎಂದಳು. ಆ ಮನೆ ಮಾರಿಹೋಗಿ ಕಾಲವಾಗಿತ್ತು.

ನಾವು ಬರುತ್ತೇವೆಂದು ಮುಂಚೆಯೇ ತಿಳಿಸಿದ್ದೆ. ತೀರಿಹೋದವರ ತಮ್ಮ ತೊಳೆದ ಪಂಚೆ ಉಟ್ಟು, ಹೆಂಡತಿಯೊಂದಿಗೆ ಮನೆಯ ಮುಂದೆ ನಿಂತಿದ್ದರು. ಅತ್ತೆ ಆಟೋದಿಂದ ಇಳಿದು ಸೆರಗು ಸರಿಮಾಡಿಕೊಂಡು ನಿಂತಳು. ಇಷ್ಟು ದಿನ ನನ್ನ ಮುಂದೆ ಅವರು ಅತ್ತೆಯನ್ನು ಅಕ್ಕ ಎಂದಿರಲಿಲ್ಲ. ನಿಮ್ಮತ್ತೆ, ನಿಮ್ಮತ್ತೆ ಎಂದೇ ಹೇಳುತ್ತ ಬಂದಿದ್ದರು. ಅದನ್ನು ನಾನು ಗಮನಿಸಿದ್ದು ಆಗಲೇ.

ಅವರು ಎರಡು ಹೆಜ್ಜೆ ಮುಂದೆ ಬಂದು ಬಗ್ಗಿ ಅತ್ತೆಯ ಕಾಲು ಮುಟ್ಟಿದರು.

"ರಾ ವದಿನಾ," ಎಂದರು. "ಲೋಪಲಿಕಿ ರಾ."

ಒಳಗೆ ಬಾ ಎಂದು ಕರೆದದ್ದು. ತೆಲುಗಿನಲ್ಲಿ ವದಿನ ಎಂದರೆ ಅತ್ತಿಗೆ. ಮಾವನ ಮಗಳು ತನಗಿಂತ ದೊಡ್ಡವಳಾದರೆ ಅವಳನ್ನೂ ಹಾಗೆಯೇ ಕರೆಯುತ್ತಾರೆ, ಅಣ್ಣನ ಹೆಂಡತಿಯನ್ನೂ ಹಾಗೆಯೇ ಕರೆಯುತ್ತಾರೆ. ಹೊಸದಾಗಿ ತಿಳಿದ ನಂಟಿನ ಪ್ರಕಾರ ಅವರು ಕರೆದದ್ದರಲ್ಲಿ ತಪ್ಪಿರಲಿಲ್ಲ. ಯಾರ ಮುಂದೆ ಬೇಕಾದರೂ ಕರೆಯಬಹುದಾದ ಮಾತು. ಅತ್ತೆಗೆ ಮೊಳಕಾಲ್ಮೂರಿನಲ್ಲಿದ್ದಾಗಿನಿಂದ ತೆಲುಗು ಚೆನ್ನಾಗಿ ಬರುತ್ತದೆ. ಅವಳು ಬಾಗಿದ್ದ ಅವರ ತಲೆಯ ಮೇಲೆ ಕೈಯಿಟ್ಟಳು. ಆಗ ಅತ್ತಳು. ಜೋರಾಗಿಯೇ ಅತ್ತಳು. ಅವರ ಹೆಂಡತಿ ಬಂದು ಹಿಡಿದುಕೊಂಡು ಒಳಗೆ ಕರೆದೊಯ್ದರು.

ಗೋಡೆಯ ಮೇಲೆ ತೀರಿಹೋದವರ ಫೋಟೋ ಇತ್ತು. ವಯಸ್ಸಾದ ಮೇಲೆ ತೆಗೆಸಿದ್ದು, ತಲೆಗೆ ರುಮಾಲು, ಕೆನ್ನೆ ಒಳಗೆ ಹೋಗಿತ್ತು. ಅತ್ತೆ ಅದರ ಮುಂದೆ ನಿಂತು ನೋಡಿದಳು. "ಗುರುತೇ ಸಿಗಲ್ಲ," ಎಂದಳು.

ಊಟದ ಹೊತ್ತಿಗೆ ಮಾತು ಸಲೀಸಾಯಿತು. ಅವನು ಯಾವ ಕಾಯಿಲೆಯಿಂದ ಹೋದ, ಎಷ್ಟು ದಿನ ಮಲಗಿದ್ದ, ಏನು ತಿನ್ನುತ್ತಿದ್ದ ಎಂದು ಅತ್ತೆ ಒಂದೊಂದಾಗಿ ಕೇಳಿದಳು. ಅವರಿಬ್ಬರೂ ಬಿಡದೆ ಹೇಳಿದರು. ನನಗೆ ಅವರನ್ನು ಇನ್ನು ಚಿಕ್ಕಪ್ಪ ಎನ್ನಬೇಕೋ ಮಾವ ಎನ್ನಬೇಕೋ ತಿಳಿಯದೆ ಏನೂ ಕರೆಯದೆ ಮಾತಾಡುತ್ತಿದ್ದೆ. ಅವರೇ ನಕ್ಕು, "ಮಾವ ಅನ್ನಮ್ಮ, ಅಭ್ಯಾಸ ಆಗ್ತೈತೆ," ಎಂದರು.

ಸಂಜೆಯ ಬಸ್ಸಿಗೆ ಹೊರಡಬೇಕೆಂದು ನಾನು ಚೀಲ ತೆಗೆದುಕೊಂಡೆ. ಅತ್ತೆ ಏಳಲಿಲ್ಲ. ಅವರ ಹೆಂಡತಿಯ ಜೊತೆ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ನೀನು ಹೋಗು," ಎಂದಳು. "ನಾನು ನಾಲ್ಕು ದಿನ ಇದ್ದು ಬರ್ತೀನಿ."

ಮಾವ ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದರು. ಬಸ್ಸು ಖಾಲಿಯಿತ್ತು. ಕಿಟಕಿಯ ಪಕ್ಕ ಕೂತು, ಅತ್ತೆ ಉಳಿದುಕೊಂಡಳೆಂದು ತಮ್ಮನಿಗೆ ಫೋನ್ ಮಾಡಿದೆ. "ಇರ್ಲಿ ಬಿಡು," ಎಂದ ಅವನು. "ಬೇಕಾದಷ್ಟು ದಿನ ಇರ್ಲಿ."